ಅಂಗಾಲ ಮಚ್ಚೆಯ ಮಹಿಮೆ

ಬಲ ಅಂಗಾಲಿನಲ್ಲಿ ಮಚ್ಚೆ ಇದ್ದವನು ದೇಶ ಸುತ್ತುತ್ತಾನೆ ಎಂದು ಬುಡಬುಡಿಕೆಯವನೊಬ್ಬ ಹೇಳಿದ್ದೇ ದೊಡ್ಡಉಳ್ಳಾರ್ತಿಯ ಯರ್ರಪ್ಪನ ತಲೆ ಕೆಡಿಸಿತ್ತು. ಪಾಪ, ಕುರಿಗಳ ಹಿಂದೆ ಹುಲ್ಲುಗಾವಲು ಸುತ್ತಿದ್ದೇ ಅಲ್ಲಿಯವರೆಗಿನ ಅವನ ದೇಶಾಟನೆ. ಈ ವರ್ಷ ಅವನ ಬಲ ಅಂಗಾಲಿನ ಮಚ್ಚೆ ಅಗಲವಾಗತೊಡಗಿತು. ಅದೃಷ್ಟ ಬೆಳೆಯುತ್ತಿದೆ ಎಂದು ಹಿಗ್ಗಿ, ಊರವರು ಹೊರಡಿಸಿದ್ದ ಕಾಶಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದೇಬಿಟ್ಟ. ಪಕ್ಕದ ಮನೆಯ ರಂಗಕ್ಕ ಸೀಟು ಕೇಳಲು ಹೋಗುವಷ್ಟರಲ್ಲಿ ಬಸ್ಸು ತುಂಬಿತ್ತು.

ಹೊರಡುವ ದಿನ ಬೆಳಿಗ್ಗೆಯೇ ಆಶಾ ಕಾರ್ಯಕರ್ತೆ ಪುಷ್ಪಲತಾ ಬೀದಿಗೆ ಬರಬೇಕೆ? ಚರ್ಮದ ಕ್ಯಾನ್ಸರನ್ನು ಮೊದಲೇ ಹಿಡಿಯಲು ರಾಜ್ಯದಲ್ಲೆಲ್ಲ ತಪಾಸಣೆ ನಡೆದಿದೆ, ಬೆಳೆಯುವ ಮಚ್ಚೆ, ಮಾಯದ ಹುಣ್ಣು ಇದ್ದರೆ ತೋರಿಸಿ ಎಂದು ಮನೆಮನೆಗೂ ಹೇಳುತ್ತ ಬಂದಳು. ಯರ್ರಪ್ಪ ಒಳಗೆ ಓಡಿದ. ಮಚ್ಚೆ ಕಿತ್ತರೆ ಕಾಶಿಯೂ ಕಿತ್ತುಹೋದಂತೆಯೇ. ಕುರಿಗೆ ಗುರುತು ಹಾಕುವ ಕೆಂಪು ಬಣ್ಣವನ್ನು ಎರಡೂ ಅಂಗಾಲಿಗೆ ಮೆತ್ತಿಕೊಂಡು, ಏನೂ ಅರಿಯದವನಂತೆ ಜಗಲಿಯ ಮೇಲೆ ಕೂತ.

ಪುಷ್ಪಲತಾ ಅವನ ಮುಖ, ಕೈ, ಬೆನ್ನು ನೋಡಿ ಮುಂದಿನ ಮನೆಗೆ ಹೊರಟಿದ್ದಳು. ರಂಗಕ್ಕ ಸುಮ್ಮನಿರುವ ಜೀವವೇ ಅಲ್ಲ.

“ಅವನ ಕಾಲೆತ್ತಿ ನೋಡಮ್ಮ,” ಎಂದಳು. “ಮದುಮಗಳಂಗೆ ಬಣ್ಣ ಹಚ್ಕಂಡು ಕುಂತಾನೆ. ಅದರ ಕೆಳಗೆ ಮಚ್ಚೆ ಐತೆ.”

ಸೀಮೆಎಣ್ಣೆ ಬಂತು, ಬಣ್ಣ ಹೋಯಿತು, ಮಚ್ಚೆ ಮುಖ ತೋರಿಸಿತು. ಪುಷ್ಪಲತಾ ಅದರ ಫೋಟೋ ತೆಗೆದು ಚಳ್ಳಕೆರೆ ಆಸ್ಪತ್ರೆಗೆ ಕಳಿಸಿದಳು. ಕೂಡಲೇ ಕರೆತನ್ನಿ ಎಂದು ಫೋನು ಬಂತು. ಸಂಜೆಗೆ ಬಸ್ಸಿದೆ ಎಂದು ಯರ್ರಪ್ಪ ಎಷ್ಟು ಗೋಗರೆದರೂ ಬಿಡದೆ ಆಟೋ ಹತ್ತಿಸಿದಳು.

ಡಾಕ್ಟರು ಅಂಗಾಲನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಹೆದರಬೇಡಿ, ಕೆಟ್ಟದ್ದೇ ಇದ್ದರೂ ಶುರುವಿನಲ್ಲೇ ಸಿಕ್ಕಿದೆ. ಇವತ್ತೇ ಚಿತ್ರದುರ್ಗಕ್ಕೆ ಹೋಗಿ. ಅಲ್ಲಿ ಮಚ್ಚೆ ತೆಗೆದು ನಿಮ್ಮನ್ನ ದಾವಣಗೆರೆಗೆ ಕಳಿಸ್ತಾರೆ. ಬೇಕಾದರೆ ಬೆಂಗಳೂರು. ಆಮೇಲೂ ಆಗಾಗ ಹೋಗಿ ತೋರಿಸ್ತಾ ಇರಬೇಕು.”

ಬದುಕಿಕೊಂಡೆ ಎಂಬ ಸಮಾಧಾನ, ಕಾಶಿ ತಪ್ಪಿತೆಂಬ ಸಂಕಟ ಎರಡೂ ಒಟ್ಟಿಗೇ ಬಂದು ಯರ್ರಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬುಡಬುಡಿಕೆಯವನಂತೂ ಸುಳ್ಳು ಹೇಳಿರಲಿಲ್ಲ.

ಸಂಜೆ ಚಳ್ಳಕೆರೆಯಲ್ಲಿ ದುರ್ಗದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಕಾಶಿ ಬಸ್ಸು ಎದುರಿಗೇ ಬಂದು ನಿಧಾನಿಸಿತು. ಅವನು ಹಿಡಿದಿದ್ದ ಸೀಟಿನ ಕಿಟಕಿಯಿಂದ ರಂಗಕ್ಕ ತಲೆ ಹೊರಗೆ ಹಾಕಿದಳು.

“ನಿನ್ನ ಹೆಸರಲ್ಲೂ ಒಂದು ಮುಳುಗು ಹಾಕ್ತೀನಿ ಕಣೋ ಯರ್ರಪ್ಪ,” ಎಂದಳು. “ನನ್ನ ಎರಡು ಕಾಲೂ ನೋಡ್ಕಂಡೆ. ಒಂದು ಮಚ್ಚೆನೂ ಇಲ್ಲ.”