ಉಸ್ತಾದರ ಕಣ್ಣು

ಗೋಡೆಯ ಮೇಲೆ ಕ್ಯಾಮೆರಾ ಬಂದು ಕೂತ ಮೊದಲ ದಿನವೇ ಉಸ್ತಾದರಿಗೆ ಪೀಕಲಾಟ ಶುರುವಾಯಿತು.

ಮಕ್ಕಳು ಅಲ್ಲೇ ಉಂಡು, ಅಲ್ಲೇ ಮಲಗಿ ಕುರ್‌ಆನ್ ಬಾಯಿಪಾಠ ಮಾಡುವ ಹಳೆಯ ಮದರಸಾ ಅದು. ಹುಡುಗರು ಒಬ್ಬೊಬ್ಬರಾಗಿ ಎದುರು ಕೂತು ಪಾಠ ಒಪ್ಪಿಸಿದರೆ ಉಸ್ತಾದರು ಕಣ್ಣು ಮುಚ್ಚಿ ಕೇಳುವರು. ಅವರ ಗುರುಗಳೂ ಹಾಗೇ ಕೇಳಿದ್ದವರು. ಒಂದಕ್ಷರ ಜಾರಿದರೂ ಬೆರಳು ಗಿಡ್ಡ ಮೇಜನ್ನು ಕುಟ್ಟುತ್ತಿತ್ತು. ಆದರೆ ಮದರಸಾವನ್ನು ಆಧುನಿಕ ಮಾಡಿಯೇ ಸಿದ್ಧ ಎಂದು ಹೊರಟಿದ್ದ ಹೊಸ ಅಧ್ಯಕ್ಷರ ಮೊಬೈಲಿನಲ್ಲಿ ಬೆರಳು ಕಾಣಲಿಲ್ಲ, ಮುಚ್ಚಿದ ಕಣ್ಣು ಮಾತ್ರ ಕಂಡಿತು.

ಫೋನು ಬಡಿದುಕೊಂಡಿತು.

"ಉಸ್ತಾದರೇ, ನಿದ್ದೆ ಚೆನ್ನಾಗಿ ಬಂತಾ?"

"ನಿದ್ದೆ ಎಲ್ಲಿ ಬಂತು! ಪಾಠ ಕೇಳ್ತಿದ್ದೆ."

"ಕಣ್ಣು ಮುಚ್ಚಿಕೊಂಡಾ?"

"ಕಿವಿ ತೆರೆದೇ ಇತ್ತಲ್ಲ ಅಧ್ಯಕ್ಷರೇ..."

"ಸಂಜೆ ಕಮಿಟಿ ಸಭೆ ಇದೆ. ಅಷ್ಟರೊಳಗೆ ಇನ್ನೊಂದು ಸಲ ಕಣ್ಣು ಮುಚ್ಚಿದ್ದು ಕಂಡರೆ ಆ ಕ್ಲಾಸು ನಿಮ್ಮದಲ್ಲ!"

ಆ ಕ್ಲಾಸು ಬಿಟ್ಟರೆ ಉಸ್ತಾದರಿಗೆ ಬೇರೆ ಲೋಕವೇ ಇರಲಿಲ್ಲ.

ಅವರು ಕಣ್ಣನ್ನು ಬಲವಂತವಾಗಿ ಅಗಲಿಸಿ ಕೂತರು. ಎದುರಿಗೆ ಬಂದ ಹುಡುಗ ಆ ನೋಟ ಕಂಡವನೇ ಗಡಗಡ ನಡುಗಿ, ಅರೆದು ಕುಡಿದಿದ್ದ ಪಾಠವನ್ನೂ ಮರೆತ. ಮುಂದಿನವನು ಧೈರ್ಯವಾಗಿ ಓದಿದ. ಆದರೆ ಉಸ್ತಾದರಿಗೆ ಅವನ ಅಂಗಿಯ ಕಿತ್ತ ಗುಂಡಿ ಕಂಡಿತು, ಮೂಗಿನ ಸಿಂಬಳ ಕಂಡಿತು, ಕಿಟಕಿಯ ಮೇಲಿನ ಪಾರಿವಾಳ ಕಂಡಿತು. ಪಾಠ ಮಾತ್ರ ಕೇಳಿಸಲಿಲ್ಲ. ಹುಡುಗ ಅರ್ಧ ಪುಟ ಹಾರಿಸಿದ್ದು ಹಿಂದೆ ಕೂತವರ ಕಿಸಿಕಿಸಿಯಿಂದ ಗೊತ್ತಾಗಿ ಅವರು ನಾಚಿ ನೀರಾದರು.

ಮಧ್ಯಾಹ್ನದ ಹೊತ್ತಿಗೆ ರೆಪ್ಪೆಗಳು ಸೋತವು. ಇಣುಕಿ ನೋಡಿದ ಅಡುಗೆಯವನಿಗೆ ಕರುಳು ಚುರುಕ್ಕೆಂದಿತು.

"ಇಷ್ಟಕ್ಕೆಲ್ಲಾ ಚಿಂತೆ ಮಾಡ್ತಾರಾ? ಈರುಳ್ಳಿ ಹೆಚ್ಚುವಾಗ ನನಗೆ ಯಾವತ್ತಾದರೂ ನಿದ್ದೆ ಬಂದಿದೆಯಾ?" ಎಂದವನೇ ಹೆಚ್ಚಿದ ಈರುಳ್ಳಿಯ ತಟ್ಟೆಯನ್ನು ಮೇಜಿನ ಕೆಳಗೆ ತಳ್ಳಿದ.

ಉಸ್ತಾದರ ಕಣ್ಣಿಂದ ಧಾರಾಕಾರ ನೀರು! ಗುರುಗಳೇ ಅಳುವುದನ್ನು ಕಂಡು ಹೆದರಿದ ಚಿಕ್ಕ ಹುಡುಗನೊಬ್ಬ ಬಿಕ್ಕಿದ. ಅವನನ್ನು ನೋಡಿ ಪಕ್ಕದವನು. ಗಳಿಗೆಯಲ್ಲಿ ಇಡೀ ಕ್ಲಾಸು ಗೊಳೋ ಎಂದಿತು.

ಮತ್ತೆ ಫೋನು. "ಅಯ್ಯೋ, ಯಾರು ತೀರಿಕೊಂಡರು?"

"ಯಾರೂ ಇಲ್ಲ ಅಧ್ಯಕ್ಷರೇ... ನಾನು ಕಣ್ಣು ತೆರೆದಿದ್ದೀನಿ, ಅಷ್ಟೇ."

ಸಂಜೆ ಸಭೆಗೆ ಹೋಗುವಾಗ ಉಸ್ತಾದರ ಕಣ್ಣು ಕೆಂಡದಂತಿತ್ತು. ಅಧ್ಯಕ್ಷರು ಎದ್ದು ಬಂದು ಕೈ ಕುಲುಕಿದರು.

"ಭಲೇ! ಬೆಳಗಿನ ಫೋನಾದ ಮೇಲೆ ಒಂದು ಸಲವೂ ಕಣ್ಣು ಮುಚ್ಚಿಲ್ಲ ನೀವು. ನಾನೇ ಕೂತು ನೋಡಿದೀನಿ."

ಕ್ಲಾಸು ಉಳಿಯಿತು! ಉಸ್ತಾದರಿಗೆ ಹೋದ ಜೀವ ಬಂದಂತಾಯಿತು.

"ಇಂಥ ಕಣ್ಣನ್ನ ಕ್ಲಾಸಲ್ಲಿ ಕೂರಿಸಿ ಹಾಳು ಮಾಡೋದಾ? ನಾಳೆಯಿಂದ ಆಫೀಸಲ್ಲಿ ಕೂತು ಎಲ್ಲಾ ಕ್ಯಾಮೆರಾನೂ ನೀವೇ ನೋಡಬೇಕು. ಕಮಿಟಿ ಒಪ್ಪಿ ಆಯ್ತು."

"ಮತ್ತೆ... ಹುಡುಗರ ಪಾಠ ಯಾರು ಕೇಳ್ತಾರೆ?"

"ಅದಕ್ಕೊಂದು ಮಷೀನು ತರಿಸ್ತಿದ್ದೀವಿ. ಹುಡುಗರು ಓದಿದ್ದನ್ನ ಕೇಳುತ್ತೆ, ತಪ್ಪಿದರೆ ಪೀಂ ಅನ್ನುತ್ತೆ."

"ಅದು ಕಣ್ಣು ಮುಚ್ಚಲ್ವಾ?"

ಅಧ್ಯಕ್ಷರು ಹೊಟ್ಟೆ ಹಿಡಿದು ನಕ್ಕರು. "ಒಳ್ಳೇ ಉಸ್ತಾದರು! ಅದಕ್ಕೆ ಕಣ್ಣೇ ಇಲ್ಲ ಮಾರಾಯರೇ!"

ಆ ರಾತ್ರಿ ಹಾಸಿಗೆಯಲ್ಲಿ ಕಣ್ಣು ತೆರೆದಿಡಲು ಉಸ್ತಾದರು ಯಾವ ಕಷ್ಟವನ್ನೂ ಪಡಬೇಕಾಗಲಿಲ್ಲ.