ನಮ್ಮನೆ ಪ್ರಿಂಟರಿನಲ್ಲಿ ಅಚ್ಚಾದ ಸಾವುಗಳು

ಮನೆಯಲ್ಲಿ ಪ್ರಿಂಟರ್ ಇದೆ ಅಂತ ಒಬ್ಬರಿಗೆ ಗೊತ್ತಾದರೆ ಸಾಕು, ಓಣಿಯ ಸಾವುಗಳೆಲ್ಲ ಒಂದೊಂದಾಗಿ ನಿಮ್ಮ ಬಾಗಿಲಿಗೇ ಬರುತ್ತವೆ. ಕೇರಳದಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೋ ಹಾಕಿ, ಕೆಳಗೆ ನಾಲ್ಕು ಸಾಲು ಬರೆದು ಗೇಟಿಗೆ, ಕರೆಂಟು ಕಂಬಕ್ಕೆ, ಬಸ್ ಸ್ಟಾಪಿಗೆ ಅಂಟಿಸುತ್ತಾರೆ. ಪ್ರೆಸ್ಸಿನವನು ಬಾಗಿಲು ತೆಗೆಯೋವರೆಗೆ ಕಾಯೋದಕ್ಕೆ ಆಗುತ್ತದೆಯೇ? ಸಾವೇನು ಅಂಗಡಿ ಬೋರ್ಡು ಓದಿಕೊಂಡು ಬರುವುದಿಲ್ಲವಲ್ಲ.

ನಾನು ಧಾರವಾಡದ ಕಡೆಯವನು. ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ನೌಕರಿ. ಮೊದಲು ತಿರುವನಂತಪುರದಲ್ಲಿದ್ದೆ, ಆಮೇಲೆ ಕೊಚ್ಚಿಗೆ ವರ್ಗವಾಯಿತು. ಸಂಸಾರದಲ್ಲಿ ಹೆಂಡತಿ, ಮಗಳು, ನನ್ನ ಅವ್ವ. ಐದನೆಯದಾಗಿ ಈ ಪ್ರಿಂಟರ್.

ಹುಳ

ತಿರುವನಂತಪುರದಲ್ಲಿ ನಮ್ಮ ಮನೆ ಶ್ರೀಕಾರ್ಯಂನಲ್ಲಿತ್ತು. ಕೆಳಗೆ ಮಾಲೀಕರು, ಮೇಲೆ ನಾವು. ಮಗಳ ಶಾಲೆಯವರಿಗೆ ವಾರವಾರವೂ ಬಣ್ಣದ ಪ್ರಾಜೆಕ್ಟು ಬೇಕು ಅಂತ ಪ್ರಿಂಟರ್ ತಂದೆವು. ಪೆಟ್ಟಿಗೆಯಲ್ಲಿದ್ದ ಸೂಚನೆಯ ಹಾಳೆಯಲ್ಲಿ ಒಂದಕ್ಷರ ಇರಲಿಲ್ಲ, ಬರೀ ಚಿತ್ರ. ಒಬ್ಬ ಬೋಳುತಲೆಯವನು ನಗುನಗುತ್ತಾ ಕಿತ್ತಳೆ ಬಣ್ಣದ ಟೇಪುಗಳನ್ನು ಕೀಳುತ್ತಿದ್ದ. ನಾನೂ ಕಿತ್ತೆ. ಅವನು ಶಾಯಿ ತುಂಬಿದ, ನಾನೂ ತುಂಬಿದೆ. ಅವನು ಕೊನೆಯವರೆಗೂ ನಗುತ್ತಲೇ ಇದ್ದ. ನಾನು ಸ್ವಿಚ್ ಹಾಕಿದ ಕೂಡಲೇ ಒಳಗಿಂದ ಕರಕರ ಕರಕರ ಅಂತ ಶಬ್ದ ಶುರುವಾಯಿತು.

ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ ಅವ್ವ ತಲೆಯೆತ್ತಿ, "ಅದಕ್ಕ ಹೊಟ್ಟ್ಯಾಗ ಹುಳ ಆಗ್ಯಾವು. ಸಣ್ಣ ಕೂಸುಗಳೂ ಹುಳ ಆದ್ರ ಹಿಂಗ ಹಲ್ಲು ಕಡೀತಾವು" ಅಂದಳು.

"ಅವ್ವಾ, ಇದು ಮಷೀನು."

"ಹೊಟ್ಟಿ ಐತಿಲ್ಲೊ ಅದಕ್ಕ?"

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಮೇಲಿನ ಮುಚ್ಚಳ ತೆಗೆದು ಬೆರಳು ಹಾಕಿ ನೋಡಿ ಸರ್ ಅಂದಳು. ಹಾಕಿದೆ. ಒಳಗೆಲ್ಲೋ ಉಳಿದಿದ್ದ ಉದ್ದನೆಯ ಕಿತ್ತಳೆ ಟೇಪೊಂದು ಗಾಲಿಗೆ ಸುತ್ತಿಕೊಂಡಿತ್ತು. ಮೆಲ್ಲಗೆ ಎಳೆದೆ. ಸುರುಳಿ ಸುರುಳಿಯಾಗಿ ಬಂತು, ಬರುತ್ತಲೇ ಇತ್ತು.

ಅವ್ವ ಬೆಳ್ಳುಳ್ಳಿ ಕೆಳಗಿಟ್ಟು, "ನಾ ಏನ್ ಹೇಳಿದ್ದೆ?" ಅಂದಳು. "ಹುಳಾ!"

ಮುಂಗಡ ಪ್ರತಿ

ಮನೆ ಮಾಲೀಕರು ನಿವೃತ್ತ ಮೇಷ್ಟ್ರು. ಎಲ್ಲರೂ 'ಮಾಷ್' ಅನ್ನುತ್ತಿದ್ದರು. ಮೂತ್ರಪಿಂಡದ ಕಾಯಿಲೆ, ವಾರದಲ್ಲಿ ಎರಡು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದರು. ಮುಖ ಬಿಳಿಚಿ ಸುಣ್ಣದ ಹಾಗಾಗಿತ್ತು. ಪ್ರಿಂಟರ್ ಬಂದ ವಾರವೇ ಮೆಟ್ಟಿಲು ಹಿಡಿದುಕೊಂಡು ಮೇಲೆ ಬಂದರು. ಕೈಯಲ್ಲೊಂದು ಫೋಟೋ ಮತ್ತು ಚೀಟಿ.

"ಸಾರೇ, ಒಂದು ಪ್ರಿಂಟು ಬೇಕಿತ್ತು. ಮರಣದ ನೋಟೀಸು."

"ಅಯ್ಯೋ, ಯಾರು ಹೋದರು ಮಾಷ್?"

"ಇನ್ನೂ ಇಲ್ಲ. ನನ್ನದೇ."

ನಾನು ಕುರ್ಚಿ ಎಳೆದು ಕೊಟ್ಟೆ. ನಿಜವಾಗಿ ಅದು ಬೇಕಾಗಿದ್ದದ್ದು ನನಗೆ. ಅವರು ಶಾಂತವಾಗಿ ವಿವರಿಸಿದರು. ಮಗನಿಗೆ ಮಲಯಾಳಂ ಕಾಗುಣಿತ ಬರುವುದಿಲ್ಲ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವನ ನೋಟೀಸಿನಲ್ಲೇ ತಪ್ಪಿದ್ದರೆ ಹಳೆಯ ವಿದ್ಯಾರ್ಥಿಗಳು ಕಂಬದ ಮುಂದೆ ನಿಂತು ನಗುತ್ತಾರೆ. ಆದ್ದರಿಂದ ಈಗಲೇ ಮಾಡಿಟ್ಟುಬಿಡೋಣ. ತಾರೀಖಿನ ಜಾಗ ಮಾತ್ರ ಖಾಲಿ ಇರಲಿ.

ಮಗಳು ಪ್ರಿಂಟರಿನ ಮುಚ್ಚಳದಡಿ ಫೋಟೋ ಇಟ್ಟು ಸ್ಕ್ಯಾನ್ ಮಾಡಿ, ಅವರು ಹೇಳಿದ ಹಾಗೇ ಟೈಪು ಮಾಡಿದಳು. ಅವಳಿಗೆ ಮಲಯಾಳಂ ನೀರು ಕುಡಿದಷ್ಟು ಸಲೀಸು. ಕನ್ನಡದಲ್ಲಿ ಕೇಳಿದರೂ ಉತ್ತರ ಅದರಲ್ಲೇ ಕೊಡುತ್ತಾಳೆ. ಹಾಳೆ ಹೊರಬಂತು. ಮಾಷ್ ಕನ್ನಡಕ ಏರಿಸಿ ಅಕ್ಷರ ಅಕ್ಷರ ಓದಿದರು. ಒಂದು ಕಡೆ ಅರ್ಧವಿರಾಮ ಹಾಕಿಸಿದರು. ಆಮೇಲೆ ಫೋಟೋ ನೋಡಿದರು. ಹುಬ್ಬು ಗಂಟಿಕ್ಕಿದರು.

"ಇದು ಬೇಡ ಸಾರೇ. ಬೇರೆ ಫೋಟೋ ತರುತ್ತೇನೆ."

"ಯಾಕೆ ಮಾಷ್, ಚೆನ್ನಾಗೇ ಬಂದಿದೆಯಲ್ಲ?"

"ಏನು ಚೆಂದ! ಇದರಲ್ಲಿ ನಾನು ಸತ್ತವನ ಹಾಗೆ ಕಾಣುತ್ತೇನೆ."

ಮೂಗು ಕಟ್ಟಿತು

ಮುಂದಿನ ಮಳೆಗಾಲದಲ್ಲಿ ಮಾಷ್ ಹೋಗಿಯೇಬಿಟ್ಟರು. ಬೆಳಗ್ಗೆ ಅವರ ಮಗ ಮೇಲೆ ಬಂದು ಸುದ್ದಿ ಹೇಳಿದ. ಮಾಷ್ ಆಮೇಲೆ ತಂದುಕೊಟ್ಟಿದ್ದ ಫೋಟೋ ಸಮೇತ ನೋಟೀಸು ನಮ್ಮ ಲ್ಯಾಪ್‌ಟಾಪಿನಲ್ಲಿ ತಯಾರಿತ್ತು, ತಾರೀಖು ತುಂಬಿದರೆ ಮುಗಿಯಿತು. ಮಗಳು ಅಳುತ್ತಲೇ ತುಂಬಿದಳು.

ಆದರೆ ರಜೆಯಿಡೀ ಪ್ರಿಂಟರ್ ಮುಟ್ಟಿರಲಿಲ್ಲ. ನೀಲಿ ಶಾಯಿ ಒಣಗಿ ಕೂತಿತ್ತು. ಬಂದ ಹಾಳೆಯಲ್ಲಿ ಮಾಷ್ ಮುಖ ಕೆಂಪಗೆ, ಹಿಂದಿನ ಬಾಳೆಗಿಡ ಹಳದಿ, ಆಕಾಶ ಗುಲಾಬಿ. ನಾನು ಶಾಯಿಯ ದಾರಿ ತೊಳೆಯುವ ಕ್ಲೀನಿಂಗ್ ಕೊಟ್ಟೆ, ಮತ್ತೆ ಕೊಟ್ಟೆ. ಮುಖ ಇನ್ನಷ್ಟು ಕೆಂಪಾಯಿತು.

"ಏನಾಗೇತಿ ಅದಕ್ಕ?" ಅಂತ ಅವ್ವ ಕೇಳಿದಳು. ಶಾಯಿ ಬರುವ ಸಣ್ಣ ತೂತು ಕಟ್ಟಿದೆ ಅನ್ನುವುದನ್ನು ಅವಳಿಗೆ ಹೇಗೆ ಹೇಳುವುದು? ಹೆಂಡತಿ, "ಮೂಗು ಕಟ್ಟೇತ್ರಿ ಅತ್ತಿ" ಅಂದುಬಿಟ್ಟಳು. ಅವ್ವ ಎದ್ದು ಒಳಗೆ ಹೋದಳು. ನಾನು ಸೆಟ್ಟಿಂಗು ಹುಡುಕುತ್ತಾ ಬಗ್ಗಿದ್ದವನು ತಲೆಯೆತ್ತಿ ನೋಡಿದರೆ, ಅಜವಾನ ಹಾಕಿ ಕುದಿಸಿದ ನೀರಿನ ಪಾತ್ರೆಯನ್ನು ಪ್ರಿಂಟರಿನ ಬಾಯಿಗೆ ಹಿಡಿದು ಮೇಲೆ ಟವೆಲು ಹೊದಿಸಿದ್ದಾಳೆ. ಸಾವಿನ ಮನೆಯ ಹುಡುಗ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಾನೆ.

ಅದರಿಂದಲೂ ನೀಲಿ ಬರಲಿಲ್ಲ. ಬೇರೆ ದಾರಿಯಿಲ್ಲದೆ ಕೆಂಪು ಮಾಷ್‌ರನ್ನೇ ಹಿಡಿದುಕೊಂಡು ಕೆಳಗಿಳಿದು ಅವರ ಹೆಂಡತಿಯ ಕೈಗೆ ಕೊಟ್ಟು, "ಕ್ಷಮಿಸಿ ಅಮ್ಮಾ, ಬಣ್ಣ ಸರಿ ಬರಲಿಲ್ಲ. ಪೇಟೆಯಲ್ಲಿ ಬೇರೆ ಮಾಡಿಸಿಕೊಂಡು ಬರುತ್ತೇನೆ" ಅಂದೆ.

ಆಕೆ ಬಹಳ ಹೊತ್ತು ನೋಡಿದರು. ಹಾಳೆಯ ಕೆನ್ನೆ ಸವರಿದರು.

"ಬೇಡ, ಇದೇ ಇರಲಿ. ಈ ಮುಖದಲ್ಲಿ ರಕ್ತ ನೋಡಿ ಎಷ್ಟು ಕಾಲವಾಗಿತ್ತು."

ಹಿಂದೆ ನಿಂತಿದ್ದ ಅವ್ವ ನನ್ನ ಪಕ್ಕೆ ತಿವಿದು ಪಿಸುಗುಟ್ಟಿದಳು: "ಅದು ಹಬೆ ಕೊಟ್ಟಿದ್ದಕ್ಕ ಬಂದ ಕಳೆ."

ರೈಲಿನಲ್ಲಿ ರಕ್ತ

ಕೊಚ್ಚಿಗೆ ವರ್ಗವಾದಾಗ ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಪ್ರಿಂಟರ್ ಮಾತ್ರ ನಮ್ಮ ಜೊತೆಗೇ ಬರಲಿ ಅಂತ ಮಗಳ ಹಟ. ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಪೆಟ್ಟಿಗೆ ನೆಟ್ಟಗೆ ಕೂರಲಿಲ್ಲವೆಂದು ಅಡ್ಡ ಮಲಗಿಸಿ ಮೇಲಿನ ಹಲಗೆಗೆ ತಳ್ಳಿದೆ. ಶಾಯಿ ತುಂಬಿದ ಪ್ರಿಂಟರನ್ನು ಅಡ್ಡ ಮಲಗಿಸಬಾರದು ಎಂದು ಆ ಬೋಳುತಲೆಯವನು ಯಾವುದೋ ಚಿತ್ರದಲ್ಲಿ ಹೇಳಿದ್ದನಂತೆ. ನಾನು ಹಾಳೆ ಮಗುಚಿ ಹಿಂಬದಿ ನೋಡಿರಲಿಲ್ಲ.

ಕೊಲ್ಲಂ ದಾಟಿತ್ತು. ಹಲಗೆಯ ಕೆಳಗೆ ಹಾಲಿನಂಥ ಬಿಳಿ ಮುಂಡು ಪಂಚೆ ಉಟ್ಟ ಹಿರಿಯರೊಬ್ಬರು ಕೂತಲ್ಲೇ ನಿದ್ದೆ ಹೋಗಿದ್ದರು. ಎದುರಿನ ಹೆಂಗಸು ಕಿಟಾರನೆ ಕಿರುಚಿದಳು. ನೋಡಿದರೆ ಪೆಟ್ಟಿಗೆಯ ಮೂಲೆಯಿಂದ ಕೆಂಪು ಹನಿ ಟಪ್ ಟಪ್ ಅಂತ ಮುಂಡಿನ ಮೇಲೆ ಬೀಳುತ್ತಿದೆ. ಹಿರಿಯರು ಎಚ್ಚರಗೊಂಡು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಅವರು ಹೊರಟಿದ್ದದ್ದು ತಂಗಿಯ ಗಂಡನ ಅಂತ್ಯಕ್ರಿಯೆಗಂತೆ.

ರೈಲ್ವೆ ಪೊಲೀಸು ಬಂದ. "ಪೆಟ್ಟಿಗೆಯಲ್ಲಿ ಏನು?"

"ಪ್ರಿಂಟರ್ ಸಾರ್."

"ಪ್ರಿಂಟರಿಗೆ ರಕ್ತ ಬರುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಅದರ ಮೂಗಿನಾಗಿಂದ ಬಂದೈತ್ರಿ. ಮೊದಲಿಂದ್ಲೂ ಅದಕ್ಕ ಮೂಗಿಂದ ತ್ರಾಸು" ಅಂದಳು. ಪೊಲೀಸು ಮಗಳ ಕಡೆ ತಿರುಗಿ ಏನಂತೆ ಅಂದ. ಅವಳು ಒಂದು ಅಕ್ಷರ ಬಿಡದೆ ಮಲಯಾಳಂಗೆ ಅನುವಾದಿಸಿದಳು. ಇಡೀ ಬೋಗಿ ಎದ್ದು ನಿಂತಿತು.

"ಯಾರ ಮೂಗು?" ಅಂತ ಗುಡುಗಿ ಅವನೇ ಪೆಟ್ಟಿಗೆ ಇಳಿಸಿ ಒಳಗೆ ಕೈ ಹಾಕಿದ. ಮಣಿಕಟ್ಟಿನವರೆಗೆ ಕೆಂಪು. ಮುಖ ಹುಳ್ಳಗೆ ಮಾಡಿಕೊಂಡು ಬೇಸಿನ್ನಿಗೆ ಹೋದ. ನೀರಿನ ಸದ್ದು ಎಷ್ಟೋ ಹೊತ್ತು ಕೇಳಿಸಿತು. ತಿರುಗಿ ಬಂದಾಗಲೂ ಕೈಗಳು ಹಾಗೇ ಕೆಂಪಗಿದ್ದವು. ಎರಡೂ ಕೈ ಮೇಲೆತ್ತಿ ಬೋಗಿಗೆಲ್ಲ ಸಾರಿದ:

"ಯಾರೂ ಹೆದರಬೇಡಿ, ಇದು ರಕ್ತ ಅಲ್ಲ. ರಕ್ತವಾಗಿದ್ದರೆ ಹೋಗುತ್ತಿತ್ತು."

ಸ್ಕ್ಯಾನ್

ಕೊಚ್ಚಿಯಲ್ಲಿ ಕಳಮಶ್ಶೇರಿಯ ಒಂದು ಫ್ಲ್ಯಾಟು ಸಿಕ್ಕಿತು. ಮೇಲಿನ ಮನೆಯಲ್ಲಿ ಅವ್ವನ ವಯಸ್ಸಿನವರೇ ಒಬ್ಬರು; ಅವರನ್ನು ಎಲ್ಲರೂ ಅಮ್ಮಚ್ಚಿ ಅನ್ನುತ್ತಿದ್ದರು. ದಿನಾ ಮಧ್ಯಾಹ್ನ ಇಳಿದು ಬರುವರು. ಅವ್ವ ಧಾರವಾಡದ ಕನ್ನಡದಲ್ಲಿ ಸೊಸೆಯ ಮೇಲೆ ದೂರುವಳು, ಅಮ್ಮಚ್ಚಿ ಮಲಯಾಳಂನಲ್ಲಿ ತಮ್ಮ ಸೊಸೆಯ ಮೇಲೆ ದೂರುವರು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ತಲೆದೂಗುವರು. ಅಷ್ಟು ಒಪ್ಪಿಗೆಯ ಮಾತುಕತೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅವ್ವ ಸೊರಗುತ್ತಾ ಬಂದಳು. ಹೊಟ್ಟೆನೋವು ಅನ್ನತೊಡಗಿದಳು. ಡಾಕ್ಟರು ಸ್ಕ್ಯಾನ್ ಆಗಬೇಕು ಅಂದರು. ನಾ ಒಲ್ಲೆ ಅಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರನೆಯ ದಿನ ಆಫೀಸಿನಿಂದ ಬಂದೆ. ಪ್ರಿಂಟರಿನ ಮುಂದೆ ಅವ್ವ, ಪಕ್ಕದಲ್ಲಿ ಮುಚ್ಚಳ ಹಿಡಿದ ಅಮ್ಮಚ್ಚಿ. ಸುತ್ತ ಹಾಳೆಗಳು. ಒಂದರಲ್ಲಿ ಅಂಗೈ, ಇನ್ನೊಂದರಲ್ಲಿ ಒಂದು ಕಿವಿ ಮತ್ತು ಒಂದಷ್ಟು ನರೆಗೂದಲು.

"ಮನಿಯಾಗ ಸ್ಕ್ಯಾನ್ ಮಷೀನ್ ಇಟ್ಕೊಂಡು ದವಾಖಾನಿಗೆ ಯಾಕ ಹೋಗಬೇಕು?" ಅಂದಳು ಅವ್ವ. "ನೋಡು, ಎಲ್ಲಾ ಬರೋಬ್ಬರಿ ಐತಿ."

"ಅವ್ವಾ, ಡಾಕ್ಟರು ಹೇಳಿದ್ದು ಹೊಟ್ಟೀದು."

"ಹೊಟ್ಟೀನೂ ಇಟ್ಟು ನೋಡಿದ್ನಿ. ಮುಚ್ಚಳ ಮುಚ್ಚವಲ್ಲದು."

ಆಸ್ಪತ್ರೆಯ ಯಂತ್ರಕ್ಕೆ ಮುಚ್ಚಳ ಇರಲಿಲ್ಲ. ಅದರಲ್ಲಿ ಎಲ್ಲ ಕಂಡಿತು. ಗಡ್ಡೆ ಕತ್ತರಿಸಿ ತೆಗೆಯುವ ಹಂತ ದಾಟಿದೆ ಅಂದರು. ನಾನು ಅವಳಿಗೆ ಹೇಳಲಿಲ್ಲ. ಅವಳು ನನ್ನ ಮುಖ ನೋಡಿ ತಿಳಿದುಕೊಂಡಳು. ಆಟೋದಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದವಳು ಮನೆ ಹತ್ತಿರ ಬಂದಾಗ ಅಂದಳು:

"ಅದಕ್ಕಿಂತ ನಮ್ಮ ಮಷೀನ್ ಚಲೋ ಇತ್ತು ನೋಡು. ಇದ್ಯಾವುದನ್ನೂ ತೋರಿಸಿರಲಿಲ್ಲ."

ಒಂದು ಸಾಲು ಕನ್ನಡ

ಅವ್ವ ಮನೆಯಲ್ಲೇ ಹೋದಳು, ಬೆಳಗಿನ ಚಹಾದ ಹೊತ್ತಿಗೆ. ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ಇಂಥ ಕೆಲಸದಲ್ಲಿ ನುರಿತವರು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮಲಯಾಳಂ ನೋಟೀಸು ಬರೆದು ಮುಗಿಸಿದ್ದರು. ಹೆಂಡತಿ ಅಂದಳು: "ಕೆಳಗ ಒಂದು ಸಾಲು ಕನ್ನಡದಾಗ ಇರ್ಲಿ. ಅತ್ತಿಯವ್ರಿಗೆ ತಮ್ಮ ಹೆಸರು ತಾವು ಓದಾಕ ಬರೂ ಹಂಗ ಇರಬೇಕು." ನಾನು ಫೋನಿನಲ್ಲಿ ಅವ್ವನ ಹೆಸರು, ಊರು ಟೈಪು ಮಾಡಿ ಅವರಿಗೆ ಕಳಿಸಿದೆ. ಅವರು ತಮ್ಮ ಮನೆಯಿಂದ ತಂದಿದ್ದ ಹಳೇ ಲ್ಯಾಪ್‌ಟಾಪಿನಿಂದ ವೈಫೈನಲ್ಲಿ ನಮ್ಮ ಪ್ರಿಂಟರಿಗೆ ಬಿಟ್ಟರು.

ಪ್ರಿಂಟರ್ ಆಫ್‌ಲೈನ್ ಅಂತು.

ಅವ್ವನನ್ನು ಮುಂದಿನ ಹಾಲ್‌ನಲ್ಲಿ ಮಲಗಿಸಿದ್ದೆವು. ಪ್ರಿಂಟರ್ ಇದ್ದದ್ದು ಮಗಳ ಕೋಣೆಯಲ್ಲಿ. ಹೂವು ಇಟ್ಟು ಕೈಮುಗಿಯಲು ಬಂದವರು ಒಬ್ಬೊಬ್ಬರಾಗಿ ಆ ಕೋಣೆಯೊಳಗೆ ಸೇರಿದರು. ಒಬ್ಬರು ಆಫ್ ಮಾಡಿ ಆನ್ ಮಾಡಿ ಅಂದರು. ಇನ್ನೊಬ್ಬರು ವೈಫೈ ಕಿತ್ತು ಹಾಕಿ ಅಂದರು. ಐಟಿ ಪಾರ್ಕಿನ ಹುಡುಗನೊಬ್ಬ ನೆಲದ ಮೇಲೆ ಕೂತು ಕಾರ್ಯದರ್ಶಿಯ ಲ್ಯಾಪ್‌ಟಾಪಿನ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಹಾಳೆ ಸಿಕ್ಕಿಕೊಂಡಿತು, ಎಳೆದರು, ಅರ್ಧ ಹರಿದು ಒಳಗೇ ಉಳಿಯಿತು. ಟಾರ್ಚು ಬಂತು, ಇಕ್ಕಳ ಬಂತು. ಎಲ್ಲರೂ ಸಾವಿನ ಮನೆಯ ತಗ್ಗಿದ ದನಿಯಲ್ಲೇ ಜಗಳವಾಡುತ್ತಿದ್ದರು. ಹಾಲಿನಲ್ಲಿ ಅವ್ವನ ಹತ್ತಿರ ಉಳಿದವರು ಅಮ್ಮಚ್ಚಿ ಒಬ್ಬರೇ. ಕೊನೆಗೆ ಅವರು ಎದ್ದು ಕೋಣೆಯ ಬಾಗಿಲಿಗೆ ಬಂದು ಕೂಗಿದರು:

"ಸತ್ತಿರೋದು ಇಲ್ಲಿ! ಅಲ್ಲಿ ಅಲ್ಲ!"

ಎಲ್ಲರೂ ತಲೆ ತಗ್ಗಿಸಿ ಹಾಲಿಗೆ ಬಂದರು. ಆಗ, ಯಾರೂ ಮುಟ್ಟದಿರುವಾಗ, ಅದು ತಾನಾಗಿ ಪ್ರಿಂಟು ಮಾಡತೊಡಗಿತು.

ನಾನು ಸ್ಮಶಾನಕ್ಕೆ ಹೋದೆ. ಸಂಜೆ ಎಲ್ಲ ಮುಗಿಸಿ ಬಂದು ಲಿಫ್ಟಿನ ಮುಂದೆ ನಿಂತಾಗ ಗೋಡೆಯ ಮೇಲಿನ ನೋಟೀಸು ಕಂಡಿತು. ಅವ್ವನ ಫೋಟೋ ಚೆನ್ನಾಗಿ ಬಂದಿತ್ತು. ಮಲಯಾಳಂ ಸಾಲುಗಳೂ ಸರಿಯಾಗಿದ್ದವು. ಅವುಗಳ ಕೆಳಗೆ, ಕನ್ನಡ ಇರಬೇಕಾದಲ್ಲಿ, ಒಂದರ ಪಕ್ಕ ಒಂದು ಖಾಲಿ ಚೌಕಗಳು. ಕಾರ್ಯದರ್ಶಿಯ ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರಗಳೇ ಇರಲಿಲ್ಲ. ಗೇಟಿನಲ್ಲಿ, ಮೆಟ್ಟಿಲಲ್ಲಿ, ಕಂಬದಲ್ಲಿ, ಬೆಳಗಿನಿಂದ ಎಲ್ಲ ಕಡೆ ಅವ್ವ ಚೌಕವಾಗಿ ನಿಂತಿದ್ದಳು.

ಪಕ್ಕದಲ್ಲಿ ನಿಂತಿದ್ದ ಎದುರುಮನೆಯವರು ಗೌರವದಿಂದ, "ನಿಮ್ಮ ಲಿಪಿ ಎಷ್ಟು ಅಚ್ಚುಕಟ್ಟು ಸಾರ್. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ" ಅಂದರು. ಬೆಳಗಿನಿಂದ ತಡೆದುಕೊಂಡಿದ್ದ ಅಳು ಬಂತು. ಅದರ ಹಿಂದೆಯೇ ನಗುವೂ ಬಂತು. ಎರಡನ್ನೂ ಕೆಮ್ಮು ಮಾಡಿ ನುಂಗಿದೆ.

ಅಷ್ಟರಲ್ಲಿ ಅಮ್ಮಚ್ಚಿ ಮೆಟ್ಟಿಲಿಳಿದು ಬಂದರು. ಅತ್ತು ಅತ್ತು ಕಣ್ಣು ಊದಿತ್ತು. ನೋಟೀಸಿನ ಹತ್ತಿರ ಮುಖ ತಂದು, ಕೆಳಗಿನ ಕನ್ನಡದ ಸಾಲು ತೋರಿಸಿ ಕೇಳಿದರು: "ಇದರಲ್ಲಿ ಅವಳ ಹೆಸರು ಎಲ್ಲಿದೆ ಮೋನೇ?"

ನಿಜ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ಮೊದಲಿನ ಕೆಲವು ಚೌಕಗಳನ್ನು ತೋರಿಸಿದೆ. ಅವರು ಒಂದೊಂದರ ಮೇಲೂ ಬೆರಳಾಡಿಸಿದರು, ಮಗು ಅಕ್ಷರ ತಿದ್ದುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ಸುಲಭವಾ? ಅವಳಿದ್ದಾಗಲೇ ಕಲಿತುಬಿಡಬಹುದಿತ್ತಲ್ಲ."