ನಮ್ಮ ಮಾವ ಕೆರೆದ ಗೋಡೆಗಳು

ನಮ್ಮ ಮಾವನನ್ನು ಊಟಕ್ಕೆ ಕರೆಯುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೋಳಿಗೆ ಆಮೇಲೆ ಮಾಡಿ, ಮೊದಲು ನಿಮ್ಮ ಮನೆಯ ಗೋಡೆಗೆ ಏನಾದರೂ ಅಡ್ಡ ಇಡಿ! ಬೀರು ಇಡಿ, ಜೋಳದ ಚೀಲ ಇಡಿ, ಏನೂ ಸಿಗದಿದ್ದರೆ ನೀವೇ ಒರಗಿ ನಿಂತುಬಿಡಿ. ಬೇರೆ ನೆಂಟರು ಬಂದರೆ ಮನೆಯವರ ಮುಖ ನೋಡಿ "ಆರಾಮ ಅದೀರೇನು?" ಎನ್ನುತ್ತಾರೆ. ಮಾವ ಬಂದರೆ ಗೋಡೆಯ ಮುಖ ನೋಡುತ್ತಾನೆ. ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಿವಿಯಿಟ್ಟು ಕೇಳಿ, "ಎಷ್ಟು ಪದರ ಸುಣ್ಣ ಐತ್ರಿ ಇದಕ್ಕ?" ಎನ್ನುತ್ತಾನೆ. ತಮ್ಮ ಗೋಡೆಗೆ ಎಷ್ಟು ಪದರ ಸುಣ್ಣವಿದೆ ಎಂದು ಯಾರು ಎಣಿಸಿಟ್ಟಿರುತ್ತಾರೆ, ಹೇಳಿ? ಒಳಗಿನಿಂದ ಚಹಾ ಬರುವಷ್ಟರಲ್ಲಿ ಗೋಡೆಗೆ ಅಂಗೈ ಅಗಲದ ಗಾಯವಾಗಿರುತ್ತದೆ. ಶಿರಹಟ್ಟಿ, ಮುಂಡರಗಿಯ ನಮ್ಮ ನೆಂಟರು ಮಾವ ಬರುವ ಖಬರ ಸಿಕ್ಕರೆ ಸಾಕು, ಚಾಕು ಚಮಚೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಕೀಲಿ ಜಡಿಯುತ್ತಾರೆ.

ನಮ್ಮ ಅವ್ವನ ತಮ್ಮನಾದ ಈ ಮಾವ ಹುಟ್ಟಿನಿಂದ ಹೀಗಿರಲಿಲ್ಲ ಬಿಡಿ. ಗದಗಿನ ಪೇಟೆಯಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿದನೆಂದರೆ ಅಂಗಡಿಯ ಮುಂದೆ ಆನೆ ಹಾದುಹೋದರೂ ಎತ್ತುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ, ಊಟಕ್ಕೆ ಕೂತರೆ ತಲೆ ತಾಟಿನೊಳಗೆ. "ನಿಮ್ಮ ಮಾವನ ನಡುನೆತ್ತಿ ನನಗ ಛಲೋ ಗೊತ್ತೈತಿ, ಮುಖಾ ಗೊತ್ತಿಲ್ಲ ನೋಡಪಾ" ಎಂದು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ನಗುತ್ತಿದ್ದಳು. ಆ ಅತ್ತೆ ತೀರಿಹೋಗಿ ಎಂಟು ವರ್ಷವಾಯಿತು. ಮಕ್ಕಳಿರಲಿಲ್ಲ. ಬೆಟಗೇರಿಯ ಮನೆಯಲ್ಲಿ ಮಾವನೊಬ್ಬನೇ ಉಳಿದ, ಅಂಗಡಿಯನ್ನೂ ಮುಚ್ಚಿದ.

ಈ ಕೆರೆಯುವ ಹುಚ್ಚು ಹಿಡಿಸಿದವನು ಒಬ್ಬ ಡೆನ್ಮಾರ್ಕಿನವನು. ಎಲ್ಲಿಯ ಗದಗ, ಎಲ್ಲಿಯ ಡೆನ್ಮಾರ್ಕು! ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದ ಎಂಜಿನಿಯರ್, ಅತ್ತೆ ಹೋದ ಮರುವರ್ಷ ಮಾವನ ಮನೆಯ ಮೇಲಿನ ಖೋಲಿಯಲ್ಲಿ ಆರು ತಿಂಗಳು ಬಾಡಿಗೆಗಿದ್ದ. ಅವನಿಗೆ ಕನ್ನಡ ಬಾರದು, ಮಾವನ ಇಂಗ್ಲಿಷು ಗಡಿಯಾರದ ಅಂಕಿ ದಾಟಿದ್ದಲ್ಲ. ಸಂಜೆ ಇಬ್ಬರೂ ಗಿರಮಿಟ್ಟು ಮಿರ್ಚಿ ತಿನ್ನುತ್ತ, ಒಬ್ಬ ಖಾರಕ್ಕೆ ಅಳುತ್ತ, ಇನ್ನೊಬ್ಬ ಸುಮ್ಮನೇ ಅಳುತ್ತ ಕೂತಿರುತ್ತಿದ್ದರು. ಹೋಗುವಾಗ ಅವನು ತನ್ನ ಹಳ್ಳಿಯ ಹಳೆಯ ಚರ್ಚಿನ ಚಿತ್ರಗಳಿದ್ದ ಪುಸ್ತಕವೊಂದನ್ನು ಮಾವನ ಕೈಯಲ್ಲಿಟ್ಟು ಹೋದ. ಅದರ ಇಂಗ್ಲಿಷನ್ನು ಸಾಲುಸಾಲಾಗಿ ಓದಿ ಹೇಳುವ ಕರ್ಮ ನನ್ನ ಪಾಲಿಗೆ ಬಂತು.

ಅಲ್ಲಿಗೆ, ಹುಬ್ಬಳ್ಳಿ ದಾಟಿ ಗೊತ್ತಿಲ್ಲದ ನಮ್ಮ ಮಾವ ಏಳೆಂಟುನೂರು ವರ್ಷ ಹಳೆಯ ಆ ಚರ್ಚಿನ ಪೂಜಾರಿಯೇ ಆಗಿಬಿಟ್ಟ! ಸಿಕ್ಕವರಿಗೆಲ್ಲ ಅದರದೇ ವರ್ಣನೆ.

"ಗ್ವಾಡಿ ಎರಡು ಮೊಳ ದಪ್ಪ. ಬುಡಕ್ಕ ಹೊಲದಾಗಿನ ಗುಂಡಗಲ್ಲು, ಮ್ಯಾಲ ಕೆಂಪು ಇಟ್ಟಂಗಿ. ಗೋಪುರದ ನೆತ್ತಿ ಎರಡೂ ಕಡೆ ಪಾವಟಿಗಿ ಕಟ್ಟಿದಂಗ ಐತಿ. ಬಾಗಲಕ್ಕ ಒಂದು ಸಣ್ಣ ಖೋಲಿ. ಗಂಡಸ್ರು ಕತ್ತಿ ಅಲ್ಲೇ ಬಿಚ್ಚಿಟ್ಟು ಒಳಗ ಹೋಗಬೇಕು."

"ನಾವು ಚಪ್ಪಲ ಬಿಟ್ಟಂಗ?" ಎಂದೆ.

"ಹೂಂ. ಆದ್ರ ಹೊರಗ ಬಂದಾಗ ಅವರ ಕತ್ತಿ ಅಲ್ಲೇ ಇರ್ತಿದ್ವು."

ಒಳಗೆ ಕಮಾನಿನ ಚಾವಣಿಯ ತುಂಬ ಚಿತ್ರಗಳು. ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ಬೆಣ್ಣೆ ತೆಗೆಯಲು ಗಡಿಗೆಯಲ್ಲಿ ಕಡೆಯುತ್ತಿದ್ದಾಳೆ, ಕೋಡಿನ ದೆವ್ವವೊಂದು ಪಕ್ಕದಲ್ಲಿ ನಿಂತು ಕೈಜೋಡಿಸಿದೆ. ಅದನ್ನು ಮಾವ ನಮ್ಮ ಅವ್ವನಿಗೆ ತೋರಿಸಿದ. ಅವ್ವ ಚಷ್ಮಾ ಏರಿಸಿ ನೋಡಿ, "ನೋಡಪಾ, ಆ ದೇಶದಾಗ ದೆವ್ವ ಸೈತ ಹೆಂಗಸರಿಗೆ ಕೆಲಸ ಮಾಡಿಕೊಡ್ತಾವ. ನಮ್ಮಲ್ಲಿ ಗಂಡಸರ ಮಾಡೂದಿಲ್ಲ" ಎಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾವ ನಗಲಿಲ್ಲ.

ಅವನನ್ನು ಹಿಡಿದಿದ್ದ ಪುಟ ಬೇರೆಯದು. ನಡುವೆ ಯಾವುದೋ ಕಾಲದಲ್ಲಿ ಆ ಊರಿನವರು ಚಿತ್ರಗಳ ಮೇಲೆಲ್ಲ ಸುಣ್ಣ ಬಳಿದುಬಿಟ್ಟಿದ್ದರಂತೆ. ನೂರಾರು ವರ್ಷ ಬರೀ ಬಿಳಿ ಗೋಡೆ. ಆಮೇಲೆ ಯಾರೋ ಮೆಲ್ಲಗೆ ಕೆರೆದು ನೋಡಿದರೆ ಹೆಂಗಸು, ದೆವ್ವ, ಬೆಣ್ಣೆಯ ಗಡಿಗೆ, ಎಲ್ಲ ಇದ್ದ ಹಾಗೇ ಇವೆ! ಆ ಸಾಲನ್ನು ಮಾವ ನನ್ನಿಂದ ಅದೆಷ್ಟು ಸಲ ಓದಿಸಿದನೋ. "ಸುಣ್ಣ ಅಳಿಸಿರಲಿಲ್ಲೋ. ಕಾಯ್ದಿತ್ತು" ಎನ್ನುವಾಗ ಅವನ ದನಿ ಸಣ್ಣಗೆ ನಡುಗುತ್ತಿತ್ತು. ವಯಸ್ಸಾಯಿತು, ಅದಕ್ಕೇ ನಡುಗುತ್ತದೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಆಮೇಲೆ ಶುರುವಾಯಿತು ನೋಡಿ, ಗಡಿಯಾರದ ಚಿಮಟ, ಸಣ್ಣ ಅಲಗು, ಕುಂಚ, ಭೂತಗನ್ನಡಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಮಾವನ ದಂಡಯಾತ್ರೆ. ನನ್ನ ತಂಗಿಯ ಸಂಬಂಧಕ್ಕೆಂದು ಲಕ್ಷ್ಮೇಶ್ವರಕ್ಕೆ ಗಂಡಿನ ಮನೆ ನೋಡಲು ಹೋಗಿದ್ದೆವು. ಹಿರಿಯರು ಒಳಗೆ ಗಂಭೀರವಾಗಿ ಮಾತಿಗೆ ಕೂತಿದ್ದಾರೆ, ಮಾವ ಮಾಯ! ಹೊರಗೆ ಬಂದು ನೋಡಿದರೆ ಓಣಿಯ ಕಡೆಯ ಗೋಡೆಯ ಮುಂದೆ ಮಂಡಿಯೂರಿದ್ದಾನೆ. ಗುಲಾಬಿ ಬಣ್ಣ ಹೋಗಿ, ಹಸಿರು ಹೋಗಿ, ನೀಲಿ ಹೋಗಿ, ಎಲ್ಲಕ್ಕಿಂತ ಕೆಳಗಿನಿಂದ ಒಂದು ಕೆಂಪು ತ್ರಿಕೋನ ಹೊರಬಿದ್ದಿದೆ. ಅದೇ, ಎಂದೋ ಸರಕಾರದವರು ಬರೆಸಿದ್ದ ಕುಟುಂಬ ಯೋಜನೆಯ ಗುರುತು! ಬೀಗರಾಗಬೇಕಾದವರು ಬಾಗಿಲಲ್ಲಿ ಕೆಂಡವಾಗಿ ನಿಂತಿದ್ದರು. ಮಾವ ಕುಂಚದಿಂದ ಧೂಳು ಒರೆಸುತ್ತ, "ಶುಭ ಶಕುನ ಆತ್ರಿ, ಎರಡ ಮಕ್ಕಳು" ಎಂದ. ಹುಡುಗನ ಅಜ್ಜಿ ನಕ್ಕುಬಿಟ್ಟಳು, ಅದಕ್ಕೇ ಸಂಬಂಧ ಉಳಿಯಿತು. ತಂಗಿಗೆ ಈಗ ಮೂರು ಮಕ್ಕಳು, ಆ ಮಾತು ಬಿಡಿ.

ಹರ್ತಿಯ ಹತ್ತಿರದ ಹೊಲದ ಗುಡಿಯೊಂದಕ್ಕೆ ಸುಣ್ಣ ಬಳಿಯುತ್ತಾರೆಂದು ಕೇಳಿ ಮೊದಲ ಬಸ್ಸಿಗೇ ಹೋದ. "ಒಳಗ ಚಿತ್ರ ಇದ್ರ ಏನ್ ಮಾಡ್ತೀರಿ?" ಎಂದು ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಚಾಚಿ ನಿಂತುಬಿಟ್ಟ. ಸುಣ್ಣ ಬಳಿಯುವವರಿಗೆ ಸಂಜೆಯೊಳಗೆ ಕೆಲಸ ಮುಗಿಯಬೇಕು. ಅವರು ಹೇಳಿ ನೋಡಿದರು, ಬೈದು ನೋಡಿದರು, ಕಡೆಗೆ ಮಾವನನ್ನು ಬಿಟ್ಟು ಸುತ್ತಲೂ ಬಳಿದುಕೊಂಡು ಹೋದರು! ಮಧ್ಯಾಹ್ನ ಮಾವ ಅತ್ತ ಸರಿದರೆ, ಬೆಳ್ಳನೆಯ ಗೋಡೆಯ ನಟ್ಟನಡುವೆ ಕೈ ಚಾಚಿದ ಒಂದು ಮಣ್ಣಿನ ಮೂರ್ತಿ. ಬುತ್ತಿ ತಂದ ಮುದುಕಿಯೊಬ್ಬಳು ಅದನ್ನು ಕಂಡು ಕೈಮುಗಿದು, "ಯಾವ ದೇವ್ರಪಾ ಇಂವ?" ಎಂದಳು. ಕಣ್ಣರೆಪ್ಪೆಯವರೆಗೂ ಸುಣ್ಣವಾಗಿದ್ದ ಮಾವ, "ದೇವ್ರಲ್ಲವಾ. ತಪ್ಪು ಮಾಡಿದ ಮನಶ್ಯಾ" ಎಂದನಂತೆ.

ಈ ಮಾತನ್ನೂ ನಾವು ನಗುತ್ತ ಊರ ತುಂಬ ಹೇಳಿಕೊಂಡು ತಿರುಗಿದೆವು. ಯಾವ ತಪ್ಪು ಎಂದು ಒಬ್ಬರೂ ಕೇಳಲಿಲ್ಲ.

ಹೋದ ನಾಗರಪಂಚಮಿಯ ಮರುದಿನ ಮಾವನ ಫೋನು ಬಂತು. "ಲೇ, ಜಲ್ದಿ ಬಾ." ಹೋದೆ. ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರು ಹಾಸಿ, ತನ್ನ ಹತ್ಯಾರಗಳನ್ನು ಸಾಲಾಗಿ ಜೋಡಿಸಿ, ಒಲೆಯ ಪಕ್ಕದ ಗೋಡೆಯ ಮುಂದೆ ಕೂತಿದ್ದ. ಆ ಗೋಡೆಯ ಮೇಲೆ ಅತ್ತೆ ಪ್ರತಿ ಪಂಚಮಿಗೆ ಕೆಮ್ಮಣ್ಣಿನಲ್ಲಿ ಚಿತ್ರ ಬರೆಯುತ್ತಿದ್ದಳು.

"ಊರ ಗ್ವಾಡಿ ಎಲ್ಲಾ ಯಾಕ ಕೆರಕೊಂತ ಹೋದೆ ಅಂತ ತಿಳದಿ?" ಎಂದ. "ಕೈ ಪಳಗಲಿ ಅಂತ. ಮಂದಿ ಗ್ವಾಡಿ ಕೆಟ್ರ ಬೈತಾರ, ಬೈಲಿ. ಇದೊಂದು ಕೆಡಬಾರದು. ನಿಮ್ಮತ್ತಿ ಏನ ಬರದಿದ್ಲು, ನೋಡಬೇಕೋ."

"ನೀ ನೋಡಿಲ್ಲೇನ ಮಾವ?"

"ಮೂವತ್ತೆಂಟು ವರ್ಷ ಇದರ ಮುಂದ ಕುಂತು ಉಂಡೇನಿ. 'ನೋಡ್ರಿಲ್ಲೆ' ಅಂತಿದ್ಲು. 'ಛಲೋ ಆಗೇತಿ' ಅಂತಿದ್ದೆ. ಒಮ್ಮೆನೂ ತಲಿ ಎತ್ತಲಿಲ್ಲ."

ಆ ಗೋಡೆಗೆ ಸುಣ್ಣ ಬಳಿದವನು ನಾನೇ. ಸಾವಾದ ಮನೆಗೆ ದಿನಕರ್ಮದೊಳಗೆ ಸುಣ್ಣ ಕಾಣಿಸಬೇಕು, ನಮ್ಮಲ್ಲಿ ಅದು ಪದ್ಧತಿ. ಅವ್ವ ಹೇಳಿದಳು, ಮಾವ ಹೊರಗಿನ ಖೋಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ನಾನು ಒಂದೇ ಹೊತ್ತಿನಲ್ಲಿ ಮನೆಯನ್ನೆಲ್ಲ ಬೆಳ್ಳಗೆ ಮಾಡಿ ಶಾಭಾಸ್ ಅನ್ನಿಸಿಕೊಂಡೆ. ಬಂದ ಮಂದಿಯ ಅಂಗಿಗೆ ಹತ್ತಬಾರದೆಂದು ಜಾಣತನ ಮಾಡಿ ಸುಣ್ಣಕ್ಕೆ ಗೋಂದು ಬೇರೆ ಕಲಸಿದ್ದೆ. ಗೋಂದಿನ ಮಾತು ಯಾರಿಗೂ ಹೇಳಿರಲಿಲ್ಲ. ಆಗಲೂ ಹೇಳಲು ಬಾಯಿ ಬರಲಿಲ್ಲ.

ಮಾವ ಭೂತಗನ್ನಡಿ ಏರಿಸಿ ಅಲಗು ಹಚ್ಚಿದ. ಎಷ್ಟು ಹಗುರಾಗಿ ಅಂದರೆ, ಮಲಗಿದವರನ್ನು ಎಬ್ಬಿಸಬಾರದು ಎನ್ನುವ ಹಾಗೆ. ಉಗುರಿನಷ್ಟು ಒಂದು ಚಕ್ಕೆ ಎದ್ದಿತು. ಗೋಡೆಯಲ್ಲಿ ಬರೀ ಮಣ್ಣು. ಮಾವ ಚಕ್ಕೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಅಂಗೈಯಲ್ಲಿ ತಿರುವಿ ನೋಡಿದ. ಅದರ ಬೆನ್ನಿಗೆ ಕೆಮ್ಮಣ್ಣು ಅಂಟಿಕೊಂಡು ಬಂದಿತ್ತು. ಇನ್ನೊಂದು ಎಬ್ಬಿಸಿದ. ಅದೂ ಹಾಗೇ, ಒಳಗೆ ಕೆಂಪು, ಗೋಡೆ ಖಾಲಿ. ಮೂರನೆಯದಕ್ಕೆ ಅಲಗು ಹಚ್ಚಲಿಲ್ಲ. ಎರಡೂ ಚಕ್ಕೆಗಳನ್ನು ಅಂಗೈಯಲ್ಲಿ ಜೋಡಿಸಿಟ್ಟುಕೊಂಡ. ನನಗೆ ತಡೆಯಲಾಗದೆ ಅಳು ಬಂತು.

ಮಾವ ಚಕ್ಕೆಗಳಿಂದ ಕಣ್ಣು ತೆಗೆಯದೆ, "ಕಡೀಕ ನೋಡಿದಾಂವ ನೀನ. ಏನಿತ್ತೋ?" ಎಂದ.

"ಜೋಕಾಲಿ ಇತ್ತು ಮಾವ. ಗಿಳಿ ಇದ್ವು, ಸಾಲಾಗಿ. ಜೋಕಾಲಿ ಮ್ಯಾಲ ಒಬ್ಬಾಕಿ ಕುಂತಿದ್ಲು. ಕೆಳಗ ಮೂಲ್ಯಾಗ ಒಬ್ಬಾಂವ ತಾಟಿನ ಮುಂದ ಉಣಾಕ ಕುಂತಿದ್ದ."

"ತಲಿ ಎತ್ತಿದ್ನೇನು?"

ನನಗೆ ಚೆನ್ನಾಗಿ ನೆನಪಿದೆ. ಕುಂಚ ಕೈಯಲ್ಲಿ ಹಿಡಿದು ಅದನ್ನು ನೋಡಿ ನಕ್ಕಿದ್ದೆ ಕೂಡ. ಅತ್ತೆ ಆ ಗಂಡಸಿಗೆ ಮುಖವನ್ನೇ ಬರೆದಿರಲಿಲ್ಲ, ಬರೀ ಬಗ್ಗಿದ ನಡುನೆತ್ತಿ.

"ಎತ್ತಿದ್ದ ಮಾವ" ಎಂದೆ. "ಆಕಿ ಕಡೆನ ನೋಡಾಕತ್ತಿದ್ದ."

ಮಾವ ಭೂತಗನ್ನಡಿ ತೆಗೆದಿಟ್ಟು, ತಲೆಯೆತ್ತಿ, ಆ ಬಿಳಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಹೊರಗೆ ಹುಡುಗಿಯರು ಜೋಕಾಲಿ ಆಡುತ್ತಿದ್ದ ಗದ್ದಲ ಕೇಳುತ್ತಿತ್ತು. ಆಮೇಲೆ ಎರಡು ಚಕ್ಕೆಗಳನ್ನು ಹಳೆಯ ಗಡಿಯಾರದ ಡಬ್ಬಿಯೊಂದರಲ್ಲಿಟ್ಟು ಮುಚ್ಚಿದ.

"ಪ್ಯಾಟಿಗೆ ಹೋಗಿ ಸುಣ್ಣ ತಗೊಂಬಾ" ಎಂದ. "ಕೆರದಷ್ಟಕ್ಕ ಹಚ್ಚಿಬಿಡೂಣು. ಉಳದದ್ದು ಒಳಗ ಆರಾಮ ಇರಲಿ. ಈ ಸಲ ಗೋಂದು ಹಾಕಬ್ಯಾಡ."